ವೇಲ್ಸ್, ಸ್ಕಾಟ್ಲೆಂಡ್ ಎರಡೂ ಇಂಗ್ಲೆಂಡಿನ ಜೊತೆ ಒಂದಾಗಿದ್ದು ಹೇಗೆ?

ವೇಲ್ಸ್ ಯುದ್ಧದಲ್ಲಿ ಸೋತು ಸೇರಿತು, ಸ್ಕಾಟ್ಲೆಂಡ್ ಒಪ್ಪಂದ ಮಾಡಿಕೊಂಡು ಸೇರಿತು.

1283ರ ಹೊತ್ತಿಗೆ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ವೇಲ್ಸನ್ನು ಗೆದ್ದಿದ್ದ. 1536ರಲ್ಲಿ ಎಂಟನೇ ಹೆನ್ರಿ ಅಲ್ಲಿಗೆ ಇಂಗ್ಲೆಂಡಿನ ಕಾನೂನನ್ನೇ ತಂದ. ವೆಲ್ಶ್ ಭಾಷೆ ಮಾತ್ರ ಬಲ್ಲವರಿಗೆ ಸರ್ಕಾರಿ ಹುದ್ದೆಯೂ ಇಲ್ಲವಾಯಿತು. ಎಂಥ ಅನ್ಯಾಯ ಅಲ್ವಾ?

ಸ್ಕಾಟ್ಲೆಂಡಿನ ಕಥೆ ಬೇರೆ. 1603ರಲ್ಲಿ ಎಲಿಜಬೆತ್ ರಾಣಿ ಮಕ್ಕಳಿಲ್ಲದೆ ತೀರಿಕೊಂಡಾಗ, ಸಂಬಂಧಿಯಾಗಿದ್ದ ಸ್ಕಾಟ್ಲೆಂಡಿನ ದೊರೆ ಜೇಮ್ಸ್‌ಗೇ ಇಂಗ್ಲೆಂಡಿನ ಪಟ್ಟವೂ ಸಿಕ್ಕಿತು. ರಾಜ ಒಬ್ಬನೇ, ಸಂಸತ್ತು ಎರಡು. ನೂರು ವರ್ಷ ಬಹುಪಾಲು ಹೀಗೇ ನಡೆಯಿತು. ಅಷ್ಟರಲ್ಲಿ ಪನಾಮದ ಡೇರಿಯನ್‌ನಲ್ಲಿ ವಸಾಹತು ಕಟ್ಟಲು ಹೋಗಿ ಸ್ಕಾಟರು ಕೈ ಸುಟ್ಟುಕೊಂಡರು. ಹಾಗಾಗಿ ಅವರಿಗೆ ಇಂಗ್ಲೆಂಡಿನ ಜೊತೆ ವ್ಯಾಪಾರ ಬೇಕಿತ್ತು. ಉತ್ತರದ ಸ್ಕಾಟ್ಲೆಂಡಿಗೆ ಬೇರೆ ದೊರೆ ಬರಬಾರದು ಅನ್ನೋದು ಇಂಗ್ಲೆಂಡಿನ ಚಿಂತೆ. 1707ರಲ್ಲಿ ಎರಡೂ ಸಂಸತ್ತು ಒಂದಾದವು. ಸ್ಕಾಟರ ಕಾನೂನು, ಚರ್ಚು ಮಾತ್ರ ಇಂದಿಗೂ ಬೇರೆಯೇ.