ನಾವು ಹೊರಟರೆ ನಾಯಿ ಬಾಗಿಲು ಕೆರೆಯುತ್ತದೆ

ಪ್ರಶ್ನೆ: ಜಯನಗರದ ಫ್ಲ್ಯಾಟ್‌ನಲ್ಲಿ ಎರಡು ವರ್ಷದ ಟಿಬೆಟನ್ ಮ್ಯಾಸ್ಟಿಫ್ ಸಾಕಿದ್ದೇವೆ. ನಾವು ಆಫೀಸಿಗೆ ಹೋದರೆ ಒಂದೇ ಸಮನೆ ಬೊಗಳುತ್ತದೆ, ಬಾಗಿಲು ಕೆರೆಯುತ್ತದೆ. ಕಾವಲು ನಾಯಿಗೂ ಒಂಟಿತನದ ಭಯವೇ?

ಉತ್ತರ: ಖಂಡಿತ ಇರಬಹುದು. ಸ್ವಂತ ಬುದ್ಧಿಯಿಂದ ನಡೆಯುವ ತಳಿ ಎಂದರೆ ಒಂಟಿಯಾಗಿರಬಲ್ಲದು ಎಂದಲ್ಲ. ಮೊದಲು ಮೊಬೈಲ್ ಇಟ್ಟು ಅರ್ಧ ಗಂಟೆ ರೆಕಾರ್ಡ್ ಮಾಡಿ. ಲಿಫ್ಟ್ ಸದ್ದಿಗೆ, ಕಿಟಕಿಯಾಚೆ ಕಂಡವರಿಗೆ ಮಾತ್ರ ಬೊಗಳಿದರೆ ಅದು ಕಾವಲು. ಪರದೆ ಎಳೆದು, ಒಳಕೋಣೆಯಲ್ಲಿ ಬಿಟ್ಟರೆ ಎಷ್ಟೋ ತಗ್ಗುತ್ತದೆ. ನೀವು ಹೋದ ಕೆಲವೇ ನಿಮಿಷಕ್ಕೆ ಜೊಲ್ಲು, ಅತ್ತಿಂದಿತ್ತ ಓಡಾಟ, ಇಷ್ಟದ ತಿಂಡಿಯನ್ನೂ ಮುಟ್ಟದಿರುವುದು ಕಂಡರೆ ಅದು ಭಯ.

ಭಯವಾದರೆ ಹೀಗೆ ಮಾಡಿ: ಬೀಗದ ಕೈ ತೆಗೆದುಕೊಂಡು ಮತ್ತೆ ಕೂತುಬಿಡಿ, ದಿನಕ್ಕೆ ಹಲವು ಸಲ. ಆಮೇಲೆ 5 ಸೆಕೆಂಡ್ ಹೊರಗಿರಿ. ನಾಯಿ ನಿರಾಳವಾಗಿದ್ದರೆ ಮಾತ್ರ 10 ಸೆಕೆಂಡ್, 30 ಸೆಕೆಂಡ್, ಒಂದು ನಿಮಿಷ. ಚಡಪಡಿಸಿತೇ, ಹಿಂದಿನ ಹಂತಕ್ಕೆ ಇಳಿಯಿರಿ. ಹೆಚ್ಚಿನವರು ಎಡವುವುದು ಇಲ್ಲೇ: ಬೆಳಿಗ್ಗೆ ಸೆಕೆಂಡ್ ಲೆಕ್ಕದ ಅಭ್ಯಾಸ, ಆಮೇಲೆ ಎಂಟು ತಾಸು ಒಂಟಿ. ಕಲಿತದ್ದೆಲ್ಲ ಅಳಿಸಿಹೋಗುತ್ತದೆ. ಆ ಕೆಲವು ವಾರ ಮನೆಯಲ್ಲಿ ಯಾರಾದರೂ ಇರಲೇಬೇಕು.

ಬೋನಿಗೆ ಮಾತ್ರ ಹಾಕಬೇಡಿ. ಗಾಬರಿಯಲ್ಲಿ ಕಂಬಿ ಕಚ್ಚಿ ಹಲ್ಲು ಮುರಿದುಕೊಳ್ಳಬಹುದು. ಗದರಿದರೆ ಭಯ ಇನ್ನೂ ಹೆಚ್ಚುತ್ತದೆ. ಸುಧಾರಿಸದಿದ್ದರೆ ಪಶುವೈದ್ಯರಿಗೆ ಆ ವಿಡಿಯೊ ತೋರಿಸಿ. ಅವರು ಆತಂಕ ತಗ್ಗಿಸುವ ಫ್ಲೂಯೊಕ್ಸೆಟೀನ್‌ನಂಥ ಔಷಧ ಕೊಟ್ಟರೆ ಪರಿಣಾಮ ಕಾಣಲು 4ರಿಂದ 6 ವಾರ ಬೇಕು, ಅಭ್ಯಾಸವೂ ಜೊತೆಗೇ ನಡೆಯಬೇಕು.