ಜಗಳೂರು ಕಡೆಯ ಹಳೆಯ ಶಾಲೆ ಮನೆಯ ವಯಸ್ಸು

ನಮಸ್ಕಾರ. ಜಗಳೂರು ಬಳಿಯ ನಿಮ್ಮ ಮನೆ ಹಿಂದೆ ಊರಿನ ಶಾಲೆಯಾಗಿತ್ತಂತೆ, ಅದು ಯಾವ ಕಾಲದ್ದೆಂದು ತಿಳಿಯುವುದು ಹೇಗೆ ಎಂದು ಕೇಳಿದ್ದೀರಿ. ಓದಿ ಬಹಳ ಸಂತೋಷವಾಯಿತು.

ಮೊದಲು ಚಾವಣಿಯ ಒಂದು ಹೆಂಚನ್ನು ಇಳಿಸಿ ಅಡಿಭಾಗ ನೋಡಿ. ಮಂಗಳೂರು ಹೆಂಚಾದರೆ ಕಾರ್ಖಾನೆಯ ಹೆಸರು, ಕೆಲವೊಮ್ಮೆ ಇಸವಿಯೂ ಅಚ್ಚಾಗಿರುತ್ತದೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಹೊದಿಕೆ ಅದಕ್ಕಿಂತ ಹಳೆಯದಾಗಿರಲಾರದು. ಆದರೆ ಗೋಡೆಗಳ ವಯಸ್ಸು ಬೇರೆಯೇ ಇರಬಹುದು. ಮಣ್ಣಿನ ಮಾಳಿಗೆ, ಅಂದರೆ ಸಮತಟ್ಟಾದ ಮಣ್ಣಿನ ಚಾವಣಿ, ತೆಗೆದು ಹೆಂಚು ಹೊದಿಸಿದ ಕಟ್ಟಡಗಳು ನಮ್ಮ ಕಡೆ ಉಂಟು.

ಊರಿನ ಈಗಿನ ಸರ್ಕಾರಿ ಶಾಲೆಯಲ್ಲಿ ಹಳೆಯ ದಾಖಲಾತಿ ಪುಸ್ತಕ ಉಳಿದಿದೆಯೇ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಮೊದಲ ಪುಟದ ದಿನಾಂಕವೇ ದೊಡ್ಡ ಸುಳಿವು. ಅದಕ್ಕೂ ಮುಂಚೆ ಅಲ್ಲಿ ಐಗಳ ಕೂಲಿಮಠ, ಅಂದರೆ ಊರಿನ ಮೇಷ್ಟ್ರು ನಡೆಸುತ್ತಿದ್ದ ಹಳೆಯ ಕಾಲದ ಪಾಠಶಾಲೆ, ನಡೆಯುತ್ತಿತ್ತೇ ಎಂದು ಹಿರಿಯರಲ್ಲಿ ವಿಚಾರಿಸಿ; ಈ ಕೆಲಸವನ್ನು ದಯವಿಟ್ಟು ಮುಂದೂಡಬೇಡಿ. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ, ಅಲ್ಲಿಯವರೆಗೆ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಹಾಗಾಗಿ ಹಳೆಯ ಕಡತಗಳಿಗಾಗಿ ಚಿತ್ರದುರ್ಗದಲ್ಲಿಯೂ ಹುಡುಕಿ.

ಇನ್ನೊಂದು ಮಾತು: ಹಜಾರದ ಗೋಡೆಗೆ ಹೊಸ ಗಾರೆ ಮಾಡಿಸುವ ಮುನ್ನ ಸುಣ್ಣದ ಪದರವನ್ನು ಮೆಲ್ಲಗೆ ಕೆರೆದು ನೋಡಿ. ಅಡಿಯಲ್ಲಿ ಗೋಡೆಗೇ ಬಳಿದ ಕಪ್ಪುಹಲಗೆ ಸಿಕ್ಕರೆ ಚಿತ್ರ ತೆಗೆದು ಇಲ್ಲಿ ಹಾಕಿ, ಕಾಯುತ್ತಿರುತ್ತೇನೆ.