ವೇಗದ ಆಕ್ರಮಣವನ್ನು ಕಾಲೇಜು ಫುಟ್‌ಬಾಲ್ ತಂಡಗಳು ತಡೆಯುವ ಬಗೆ

ಪ್ರತಿ ಪಂದ್ಯದಲ್ಲೂ 45-50 ಅಂಕ ಗಳಿಸುವ ಅಮೆರಿಕದ ಕಾಲೇಜು ಫುಟ್‌ಬಾಲ್ ತಂಡವೊಂದನ್ನು ಎದುರಾಳಿಯ ಡಿಫೆನ್ಸ್ ಹೇಗೆ ಕಟ್ಟಿಹಾಕುತ್ತದೆ ಎಂದು ಕೇಳಿದ್ದೀರಿ. ನಾನು ಬಹಳ ಆಸಕ್ತಿಯಿಂದ ಗಮನಿಸಿದ ಆರೆಗನ್ ವಿಶ್ವವಿದ್ಯಾಲಯದ ತಂಡವನ್ನೇ ಮುಂದಿಟ್ಟುಕೊಂಡು ಉತ್ತರಿಸುತ್ತೇನೆ. 2009ರಿಂದ 2012ರವರೆಗೆ ಚಿಪ್ ಕೆಲ್ಲಿ ಮುಖ್ಯ ಕೋಚ್ ಆಗಿದ್ದಾಗ ಆ ತಂಡದ ವೇಗಕ್ಕೆ ಹೆಚ್ಚಿನ ಎದುರಾಳಿಗಳ ಬಳಿ ಉತ್ತರವೇ ಇರಲಿಲ್ಲ.

ಆರೆಗನ್ನಿನ ಬಲವೆಲ್ಲ ಜೋನ್ ರೀಡ್ ಎಂಬ ಆಟದಲ್ಲಿತ್ತು. ರಕ್ಷಣಾ ಸಾಲಿನ ತುದಿಯಲ್ಲಿರುವ ಡಿಫೆನ್ಸಿವ್ ಎಂಡ್ ಆಟಗಾರನನ್ನು ಬೇಕೆಂದೇ ಯಾರೂ ತಡೆಯುವುದಿಲ್ಲ. ಆಕ್ರಮಣವನ್ನು ಮುನ್ನಡೆಸುವ ಕ್ವಾರ್ಟರ್‌ಬ್ಯಾಕ್ ಚೆಂಡನ್ನು, ಅದನ್ನು ಹಿಡಿದು ಓಡುವ ರನ್ನಿಂಗ್ ಬ್ಯಾಕ್‌ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡೇ ಆ ಎಂಡ್‌ನನ್ನು ನೋಡುತ್ತಾನೆ. ಎಂಡ್ ರನ್ನಿಂಗ್ ಬ್ಯಾಕ್‌ನತ್ತ ನುಗ್ಗಿದರೆ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಹಿಂದಕ್ಕೆಳೆದುಕೊಂಡು ಅವನು ಬಿಟ್ಟುಹೋದ ಜಾಗದಲ್ಲಿ ತಾನೇ ಓಡುತ್ತಾನೆ, ಎಂಡ್ ನಿಂತಲ್ಲೇ ನಿಂತರೆ ಚೆಂಡನ್ನು ರನ್ನಿಂಗ್ ಬ್ಯಾಕ್‌ಗೆ ಬಿಟ್ಟುಕೊಡುತ್ತಾನೆ. ಹೀಗೆ ಒಬ್ಬ ರಕ್ಷಕನನ್ನು ಮುಟ್ಟದೆಯೇ ಲೆಕ್ಕದಿಂದ ತೆಗೆದುಹಾಕಿದಂತಾಗುತ್ತದೆ.

ಇದಕ್ಕೆ ಡಿಫೆನ್ಸ್ ಕಂಡುಕೊಂಡ ಉತ್ತರ ನನಗೆ ಈ ಆಟದಲ್ಲೇ ಅತ್ಯಂತ ಸೊಗಸಾಗಿ ಕಾಣುವ ಭಾಗ. ಎಂಡ್ ಉದ್ದೇಶಪೂರ್ವಕವಾಗಿಯೇ ಒಳಗೆ ನುಗ್ಗುತ್ತಾನೆ. ದಾರಿ ತೆರೆಯಿತೆಂದು ಕ್ವಾರ್ಟರ್‌ಬ್ಯಾಕ್ ಚೆಂಡನ್ನು ತಾನೇ ಇಟ್ಟುಕೊಂಡು ಹೊರಗೆ ತಿರುಗುವಷ್ಟರಲ್ಲಿ, ಒಳಗಿದ್ದ ಲೈನ್‌ಬ್ಯಾಕರ್ (ರಕ್ಷಣಾ ಸಾಲಿನ ಹಿಂದೆ ನಿಲ್ಲುವ ಆಟಗಾರ) ಸಾಲಿನ ಹಿಂದಿನಿಂದ ಜಾರಿ ಬಂದು ಅದೇ ಜಾಗದಲ್ಲಿ ಕಾದಿರುತ್ತಾನೆ. ಸ್ಕ್ರೇಪ್ ಎಕ್ಸ್‌ಚೇಂಜ್ ಎನ್ನುವ ಈ ಅದಲುಬದಲನ್ನು ಒಮ್ಮೆ ಮಾಡಿ, ಮುಂದಿನ ಆಟದಲ್ಲಿ ಮಾಡದೆ ಬಿಟ್ಟರೆ, ಕ್ವಾರ್ಟರ್‌ಬ್ಯಾಕ್‌ಗೆ ತನ್ನ ಕಣ್ಣನ್ನೇ ನಂಬಲಾಗದ ಸ್ಥಿತಿ ಬರುತ್ತದೆ.

ಮುಂಸಾಲಿನಲ್ಲಿ ಅಸಾಧಾರಣ ಆಟಗಾರನಿದ್ದರೆ ಇಷ್ಟು ಉಪಾಯವೂ ಬೇಕಾಗುವುದಿಲ್ಲ. 2011ರ ಜನವರಿ 10ರಂದು ಅರಿಜೋನಾದ ಗ್ಲೆಂಡೇಲ್‌ನಲ್ಲಿ ನಡೆದ ರಾಷ್ಟ್ರೀಯ ಚಾಂಪಿಯನ್‌ಶಿಪ್ ಪಂದ್ಯದಲ್ಲಿ ಆಬರ್ನ್ ತಂಡದ ನಿಕ್ ಫೇರ್ಲಿ ನಡುವಿನಿಂದಲೇ ಆಟವನ್ನು ಕೆಡಿಸಿದರು. ಆರೆಗನ್ ಓಟದಿಂದ ಗಳಿಸಿದ್ದು ಬರೀ 75 ಯಾರ್ಡ್, ಗೆದ್ದದ್ದು 22-19ರಿಂದ ಆಬರ್ನ್. ಆ ಪಂದ್ಯಕ್ಕೆ ಸಿದ್ಧರಾಗಲು ತಿಂಗಳಿಗೂ ಮಿಕ್ಕಿ ಸಮಯ ಸಿಕ್ಕಿತ್ತೆಂಬುದನ್ನು ಹಲವರು ಮರೆಯುತ್ತಾರೆ, ಆದರೆ ವಾರಕ್ಕೊಂದು ಪಂದ್ಯವಾಡುವ ತಂಡಗಳಿಗೆ ಅಂಥ ಅಭ್ಯಾಸ ಸಾಧ್ಯವಿಲ್ಲ.

ವೇಗದ್ದು ಬೇರೆಯೇ ಸಮಸ್ಯೆ. ಆಕ್ರಮಣದ ತಂಡ ಆಟಗಾರರನ್ನು ಬದಲಿಸಿದರೆ ಮಾತ್ರ ಡಿಫೆನ್ಸ್‌ಗೂ ಬದಲಿಸಿಕೊಳ್ಳಲು ಅಂಪೈರ್ ಸಮಯ ಕೊಡುತ್ತಾರೆ. ಅವರು ಬದಲಿಸದೆ ಸರಸರನೆ ಮುಂದಿನ ಆಟಕ್ಕೆ ನಿಂತರೆ, ಏದುಸಿರು ಬಿಡುತ್ತಿರುವ ಭಾರೀ ಮೈಕಟ್ಟಿನವರು ಮೈದಾನದಲ್ಲೇ ಉಳಿಯಬೇಕು. ಆದ್ದರಿಂದ ಡಿಫೆನ್ಸ್ ತನ್ನ ಸಂಕೇತಗಳನ್ನು ಒಂದೆರಡು ಪದಗಳಿಗೆ ಇಳಿಸಿಕೊಳ್ಳುತ್ತದೆ, ಓಟಕ್ಕೂ ಪಾಸ್‌ಗೂ ಒದಗುವ ಆಟಗಾರರನ್ನೇ ಆರಿಸಿಕೊಳ್ಳುತ್ತದೆ.

ಸ್ಟ್ಯಾನ್‌ಫರ್ಡ್ ತಂಡ ಇವೆಲ್ಲವನ್ನೂ ಒಟ್ಟಿಗೆ ಮಾಡಿ ತೋರಿಸಿತು. 2012ರ ನವೆಂಬರ್ 17ರಂದು ಆರೆಗನ್ನಿನ ತವರಾದ ಯೂಜೀನ್‌ನಲ್ಲಿ, ಎಪಿ ಸುದ್ದಿಸಂಸ್ಥೆಯ ಶ್ರೇಯಾಂಕ ಪಟ್ಟಿಯ ಮೊದಲ ಸ್ಥಾನದಲ್ಲಿದ್ದ ಆರೆಗನ್ನನ್ನು ಅದು ಹೆಚ್ಚುವರಿ ಅವಧಿಯಲ್ಲಿ 17-14ರಿಂದ ಸೋಲಿಸಿತು. ಮೊದಲ ಕ್ವಾರ್ಟರ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಮಾರ್ಕಸ್ ಮರಿಯೋಟ 77 ಯಾರ್ಡ್ ಓಡಿದಾಗ ಟಚ್‌ಡೌನ್ (ಕೊನೆಯ ಗೆರೆ ದಾಟಿ ಗಳಿಸುವ ಅಂಕ) ಖಚಿತವೆನಿಸಿತ್ತು, ಆದರೆ ಸೇಫ್ಟಿ, ಅಂದರೆ ಎಲ್ಲರಿಗಿಂತ ಹಿಂದೆ ನಿಲ್ಲುವ ರಕ್ಷಕ, ಡೆವನ್ ಕ್ಯಾರಿಂಗ್ಟನ್ ಬೆನ್ನಟ್ಟಿ ಅವರನ್ನು ಕೆಡವಿದರು. ಮುಂದಿನ ನಾಲ್ಕು ಪ್ರಯತ್ನಗಳಲ್ಲಿ ಆರೆಗನ್ನಿಗೆ ಒಂದು ಅಂಕವೂ ದಕ್ಕಲಿಲ್ಲ. ದೊಡ್ಡ ಓಟಗಳು ಹೇಗೂ ಬರುತ್ತವೆ, ಅವು ಗೆರೆ ದಾಟದಂತೆ ನೋಡಿಕೊಳ್ಳುವುದೇ ಅರ್ಧ ಗೆಲುವು ಎಂದು ನಾನು ಹೇಳುವುದು ಇದಕ್ಕಾಗಿ.

ಮರುವರ್ಷ, ಕೆಲ್ಲಿ ಆರೆಗನ್ ಬಿಟ್ಟ ಮೇಲೆ, ಸ್ಟ್ಯಾನ್‌ಫರ್ಡ್ ಅದೇ ಆರೆಗನ್ ವಿರುದ್ಧ ಇನ್ನೂ ಸರಳ ದಾರಿ ಹಿಡಿದು 60 ನಿಮಿಷಗಳ ಪಂದ್ಯದಲ್ಲಿ 42 ನಿಮಿಷಕ್ಕೂ ಹೆಚ್ಚು ಕಾಲ ಚೆಂಡನ್ನು ತನ್ನ ಬಳಿಯೇ ಉಳಿಸಿಕೊಂಡಿತು. ಟೈಲರ್ ಗ್ಯಾಫ್ನಿ ಒಬ್ಬರೇ 45 ಬಾರಿ ಚೆಂಡು ಹಿಡಿದು ಓಡಿದರು. ಸ್ಟ್ಯಾನ್‌ಫರ್ಡ್ ಗೆದ್ದಿತು, ಹಾಗಿದ್ದೂ 26-0 ಇದ್ದ ಅದರ ಮುನ್ನಡೆ ಕೊನೆಯ ಕ್ವಾರ್ಟರ್‌ನಲ್ಲಿ 26-20ಕ್ಕೆ ಕುಸಿಯಿತು.